ಮನೆ ನನ್ನದು, ದನಿ ಷಡ್ಡಕರದು

ನನ್ನ ಷಡ್ಡಕರಿಗೆ ಕನ್ನಡಕದ ಅಂಗಡಿ. ನನ್ನ ಹೆಂಡತಿಯ ಅಕ್ಕನ ಗಂಡನಾದ ಇವರು ಊರಿನವರ ಕಣ್ಣನ್ನೆಲ್ಲ ಸರಿಮಾಡಿ, ನನ್ನ ಕಣ್ಣನ್ನು ಮಾತ್ರ ಕೆಂಪಾಗಿಸಿದ್ದರು. ಹೋದ ವರ್ಷ ತಮ್ಮ ಹಳೆಯ ಮನೆಯನ್ನು ಬ್ರೋಕರ್ ಇಲ್ಲದೆ ತಾವೇ ಮಾರಿದರು, ಅದೂ ಒಂಬತ್ತೇ ದಿನದಲ್ಲಿ. ಅಂದಿನಿಂದ ಯಾರ ಮನೆಗೆ ಊಟಕ್ಕೆ ಹೋದರೂ ಅನ್ನಕ್ಕೆ ಮೊದಲು ಅದೇ ಕಥೆ ಬಡಿಸುತ್ತಿದ್ದರು. ಎರಡು ಸಲ ಕೆಮ್ಮುವುದು, ಕನ್ನಡಕ ಹಣೆಗೇರಿಸುವುದು, ಆಮೇಲೆ, "ಕ್ಲಿಯರ್ ಆಗಿ ಹೇಳ್ತೀನಿ ಕೇಳಿ." ನನ್ನ ಹೆಂಡತಿ ಪ್ರತಿ ಸಲವೂ ಮೊದಲ ಸಲ ಕೇಳಿದವಳಂತೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ನನ್ನ ಯಾವ ಕಥೆಗೂ ಆ ಕೈ ಆ ಗಲ್ಲದ ದಾರಿ ಹಿಡಿದದ್ದಿಲ್ಲ.

ನಾನು ರೈಲು ನಿಲ್ದಾಣದಲ್ಲಿ ಗಾಡಿ ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಹೇಳುವವನು. ದನಿಯೊಂದೇ ನನ್ನ ಆಸ್ತಿ. ಷಡ್ಡಕರು ಎದ್ದು ಹೋದ ಮೇಲೆ ಆ ಕೆಮ್ಮು, ಆ ಕ್ಲಿಯರು, ಎಲ್ಲವನ್ನೂ ಹಾಗೇ ಮಾಡಿ ತೋರಿಸಿ ಮಕ್ಕಳನ್ನು ನಗಿಸುವುದು ನನ್ನ ಹೊಟ್ಟೆ ತಣ್ಣಗೆ ಮಾಡಿಕೊಳ್ಳುವ ಉಪಾಯವಾಗಿತ್ತು. ಈ ಕಲೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಹೊಟ್ಟೆ ಮಾತ್ರ ತಣ್ಣಗಾಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯನ್ನೂ ಮಾರಬೇಕಾಗಿ ಬಂತು. ಕೆಳಗೆ ಹಾಲ್ ಮತ್ತು ಅಡುಗೆಮನೆ. ಮಲಗುವ ಕೋಣೆ, ಬಚ್ಚಲು ಎಲ್ಲ ಮೇಲೆ. ನಡುವೆ ಹತ್ತೊಂಬತ್ತು ಮೆಟ್ಟಿಲು. ಹೆಂಡತಿಯ ಎರಡೂ ಮಂಡಿ ಮುಷ್ಕರ ಹೂಡಿ ವರ್ಷವಾಗಿತ್ತು. ಆಕೆ ಒಂದೊಂದು ಮೆಟ್ಟಿಲಿಗೂ ಕುಳಿತು, ಎದ್ದು, ಗೋಡೆ ಹಿಡಿದು ಹತ್ತುತ್ತಿದ್ದಳು. ಎರಡು ಬೀದಿ ಆಚೆ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ಅದರ ಯಜಮಾನರು ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

ಬೀದಿ ಕೊನೆಯ ಬ್ರೋಕರ್ ತಾನಾಗಿಯೇ ಬಾಗಿಲಿಗೆ ಬಂದ. ನಾನು ಅಷ್ಟೇ ಬೇಗ ಕಳುಹಿಸಿಕೊಟ್ಟೆ.

"ಆ ಮನುಷ್ಯನಿಗೆ ಕೊಡೋದು ಕೊಟ್ಟು ಕೈ ತೊಳ್ಕೊಳ್ಳಿ ಅಂದ್ರೆ," ಎಂದಳು ಹೆಂಡತಿ.

"ನಿಮ್ಮ ಭಾವ ಕೊಟ್ರಾ?"

"ಭಾವನಿಗೆ ಅಂಗಡಿ ನಡೆಸಿ ಗೊತ್ತು. ನಿಮಗೇನು ಗೊತ್ತು, ಗಾಡಿ ಲೇಟು ಅನ್ನೋದು ಬಿಟ್ರೆ?"

ಆ ಮಾತಿನ ಮೇಲೆ ನಾನು ಬೆಲೆ ಗೊತ್ತುಮಾಡಿದೆ. ಸುತ್ತಮುತ್ತ ಏನು ನಡೆಯುತ್ತಿದೆ ಎಂದು ಯಾರನ್ನೂ ಕೇಳಲಿಲ್ಲ. ಷಡ್ಡಕರ ಮನೆ ಹೋದ ಬೆಲೆ, ಅದರ ಮೇಲೆ ಒಂದು ಹಿಡಿ. ಆ ಹಿಡಿ ಹೊಟ್ಟೆಕಿಚ್ಚಿನದು.

ಗೇಟಿಗೆ ನಾನೇ ಬರೆದ ಬೋರ್ಡು ತೂಗಿತು. ನಾನು ಮಲಗಿದಾಗ, ಸ್ನಾನಕ್ಕಿಳಿದಾಗ, ಬಾಯಲ್ಲಿ ತುತ್ತಿದ್ದಾಗ ಜನ ಬಂದರು. ಒಬ್ಬ ಬಚ್ಚಲು ಮಾತ್ರ ನೋಡಿ, ಉಪಯೋಗಿಸಿ, ಹೋದ. ಎದುರುಮನೆಯಾಕೆ ಇಪ್ಪತ್ತು ವರ್ಷದಿಂದ ಬಾಕಿಯಿದ್ದ ಕುತೂಹಲವನ್ನು ಒಂದೇ ಮಧ್ಯಾಹ್ನದಲ್ಲಿ ತೀರಿಸಿಕೊಂಡಳು. ಸುಮ್ಮನಿರಲಾರದ ನನ್ನ ಬಾಯಿ ಪ್ರತಿಯೊಬ್ಬರಿಗೂ ಮನೆಯ ಚರಿತ್ರೆ ಹೇಳಿತು: ಈ ಮೂಲೆ ಮೊದಲು ಸೋರುತ್ತಿತ್ತು, ಈಗ ಸೋರುವುದಿಲ್ಲ, ಈ ಕಿಟಕಿ ಮೊದಲು ಮುಚ್ಚುತ್ತಿತ್ತು, ಈಗ ಮುಚ್ಚುವುದಿಲ್ಲ. ಒಂಬತ್ತು ದಿನ ಕಳೆದದ್ದು ನಾನೊಬ್ಬನೇ ಎಣಿಸಿದ್ದಲ್ಲ. ಹತ್ತನೆಯ ದಿನ ಬೆಳಗ್ಗೆಯೇ ಷಡ್ಡಕರ ಫೋನು. "ಏನ್ ತಮ್ಮಾ, ಇನ್ನೂ ಆಗಿಲ್ವಾ?"

ಹನ್ನೆರಡನೆಯ ದಿನ ಹಲ್ಲಿನ ಡಾಕ್ಟರಮ್ಮ ಬಂದರು. ಕೆಳಗೆ ಕ್ಲಿನಿಕ್ಕು, ಮೇಲೆ ವಾಸ ಎಂಬುದು ಅವರ ಲೆಕ್ಕಾಚಾರ. ಹುಳುಕು ಹುಡುಕುವುದೇ ವೃತ್ತಿಯಾದ್ದರಿಂದ ಗೋಡೆಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿದರು. ನೋಡಿ, ಮೆಚ್ಚಿದರು. ಮೆಟ್ಟಿಲನ್ನಂತೂ ದಡದಡನೆ ಹತ್ತಿ ಇಳಿದರು. ಕೆಳಗೆ ಕುಳಿತಿದ್ದ ನನ್ನ ಹೆಂಡತಿ ಆ ಮಂಡಿಗಳನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಹೊಟ್ಟೆ ಉರಿಸಿಕೊಳ್ಳುವವನು ನಾನೊಬ್ಬನೇ ಅಲ್ಲವೆಂದು ಅಂದು ಗೊತ್ತಾಯಿತು.

ಡಾಕ್ಟರಮ್ಮ ಹೇಳಿದ ಬೆಲೆ ನ್ಯಾಯವಾಗಿತ್ತು. ಹೊಸ ಮನೆ ಕೊಂಡು ಇನ್ನೂ ಮಿಗುತ್ತಿತ್ತು. ಆದರೆ ಷಡ್ಡಕರ ಬೆಲೆಗಿಂತ ಎರಡು ಬೆರಳು ಕಡಿಮೆ. ಹೆಂಡತಿ ಕಣ್ಣಿನಲ್ಲೇ "ಹೂಂ ಅನ್ನಿ" ಎಂದಳು. ನಾನು ಯೋಚಿಸಿ ಹೇಳುತ್ತೇನೆಂದೆ.

ಮಂಗಳವಾರ ಸಂಜೆ ಅವರು ಟೇಪು ಹಿಡಿದು ಮತ್ತೆ ಬಂದು, ಮೇಲಿನ ಕೋಣೆ ಅಳೆಯುತ್ತಿದ್ದರು. ನಾನು ಪಕ್ಕದ ಸಾಮಾನಿನ ಕೋಣೆ ಹೊಕ್ಕೆ. ನಡುವಿನ ಗೋಡೆ ಸೂರಿನವರೆಗೆ ಮುಟ್ಟುವುದಿಲ್ಲ. ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತದೆ. ಕೈಯಲ್ಲಿ ಸ್ಟೀಲ್ ಲೋಟ. ಲೋಟದೊಳಗೆ ಮಾತಾಡಿದರೆ ದನಿ ಥೇಟ್ ಫೋನಿನ ಸ್ಪೀಕರಿನಿಂದ ಬಂದಂತೆ ಬರುತ್ತದೆ; ಮಕ್ಕಳನ್ನು ನಗಿಸುವಾಗ ಎಷ್ಟೋ ಸಲ ಮಾಡಿ ತೋರಿಸಿದ್ದೆ. ಇನ್ನೊಬ್ಬ ಗಿರಾಕಿ ಬೇಕಿತ್ತು, ದುಡ್ಡಿರುವ, ಗತ್ತಿರುವ ಗಿರಾಕಿ. ನನ್ನ ಬಾಯಿಗೆ ಎಷ್ಟು ದನಿ ಗೊತ್ತಿದ್ದರೇನು? ಹಾಳಾದ್ದು, ಬಂದದ್ದು ಅದೊಂದೇ. ಎರಡು ಕೆಮ್ಮು, ಆಮೇಲೆ, "ಕ್ಲಿಯರ್ ಆಗಿ ಹೇಳ್ತೀನಿ ಕೇಳಿ. ನಿಮ್ಮ ಮನೆ ನನಗೆ ಬೇಕೇ ಬೇಕು. ನೀವು ಹೇಳಿದ ಬೆಲೆಗೆ ನಾನು ರೆಡಿ." ಲೋಟ ಪಕ್ಕಕ್ಕಿಟ್ಟು ನನ್ನ ದನಿಯಲ್ಲಿ, ಬೇರೆಯವರೂ ಕೇಳಿದ್ದಾರೆ ಸಾರ್, ನೋಡೋಣ, ಎಂದೆ.

ಹೊರಬಂದಾಗ ಡಾಕ್ಟರಮ್ಮ ಟೇಪು ಸುತ್ತುತ್ತಿದ್ದರು. ಮುಖ ಬಾಡಿತ್ತು. ಅಷ್ಟು ತನ್ನಿಂದ ಆಗುವುದಿಲ್ಲವೆಂದು ಮೆಲ್ಲಗೆ ಹೇಳಿ, ಮೆಟ್ಟಿಲನ್ನು ಈ ಸಲ ಒಂದೊಂದಾಗಿ ಇಳಿದು ಹೋದರು. ಕೆಳಗಿನಿಂದ ಹೆಂಡತಿ ಕೇಳಿದಳು: "ರೀ, ಭಾವ ಬಂದಿದ್ದಾರಾ ಮೇಲೆ? ನಾನು ನೋಡ್ಲೇ ಇಲ್ಲ."

ಅಷ್ಟು ಚೆನ್ನಾಗಿ ಬಂದಿತ್ತು. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಡಾಕ್ಟರಮ್ಮ ಮತ್ತೆ ಬರಲಿಲ್ಲ, ಬೇರೆಯವರೂ ಬರಲಿಲ್ಲ. ನಾನೇ ಫೋನು ಮಾಡಿದರೆ ಸುಳ್ಳು ಬಯಲಾಗುತ್ತದೆ. ತಿಂಗಳು ಮುಗಿಯಲು ಎರಡು ದಿನ ಉಳಿದಾಗ ಹೆಂಡತಿ ತನ್ನ ಹಾಸಿಗೆಯನ್ನು ಹಾಲಿಗೆ ಇಳಿಸಿಕೊಂಡಳು.

ಮಾರನೆಯ ಬೆಳಗ್ಗೆ ಗೇಟು ಸದ್ದಾಯಿತು. ಡಾಕ್ಟರಮ್ಮ. ಮೂಗಿನ ಮೇಲೆ ಹೊಸ ಕನ್ನಡಕ. ಅವರ ಹಿಂದೆ, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು, ನನ್ನ ಷಡ್ಡಕರು.

ಡಾಕ್ಟರಮ್ಮ ಕುಳಿತುಕೊಳ್ಳುತ್ತಲೇ ಎಲ್ಲ ಹೇಳಿದರು. ಕನ್ನಡಕ ಮಾಡಿಸಲು ಅಂಗಡಿಗೆ ಹೋದಾಗ ಆ ಕೆಮ್ಮು, ಆ ಮಾತು ಕೇಳಿ, ಫೋನಿನಲ್ಲಿ ಪೈಪೋಟಿಗೆ ನಿಂತವರು ಇವರೇ ಎಂದು ತಕ್ಷಣ ಗುರುತಾಯಿತಂತೆ. ಧೈರ್ಯಮಾಡಿ ಕೇಳಿಯೇಬಿಟ್ಟರಂತೆ. "ನನಗೋಸ್ಕರ ಮನೆ ಬಿಟ್ಟುಕೊಟ್ರು. ಎಷ್ಟು ದೊಡ್ಡ ಮನಸ್ಸು ನೋಡಿ," ಎಂದರು.

ನಾನು ಷಡ್ಡಕರನ್ನು ನೋಡಿದೆ. ಅವರು ನನ್ನನ್ನು ನೋಡಿ ಎರಡು ಸಲ ಕೆಮ್ಮಿದರು.

"ಕ್ಲಿಯರ್ ಆಗಿ ಹೇಳ್ತೀನಿ ತಮ್ಮಾ. ಮಂಗಳವಾರ ಫೋನಲ್ಲಿ ಏನೋ ಆಸೆಗೆ ಅಂದುಬಿಟ್ಟೆ. ಆಮೇಲೆ ಯೋಚನೆ ಮಾಡಿದೆ. ಕಿಟಕಿ ಬೇರೆ ಮುಚ್ಚಲ್ಲ. ನಿನ್ನ ರೇಟು ಜಾಸ್ತಿಯಾಯ್ತು. ಡಾಕ್ಟ್ರು ಮೊದಲು ಹೇಳಿದ್ರಲ್ಲ, ಅದರಲ್ಲಿ ಕಿಟಕಿ ರಿಪೇರಿ ಕಳೆದು ಮುಗಿಸಿಬಿಡು. ಅಥವಾ, ಆ ಫೋನು ನಾನು ಮಾಡೇ ಇಲ್ಲ ಅಂತೀಯಾ?"

ಇಲ್ಲವೆಂದರೆ ನಾನು ಮೋಸಗಾರ. ಹೌದೆಂದರೆ ಅವರು ಧರ್ಮಾತ್ಮ. ಹೆಂಡತಿ ಮಂಡಿ ನೀವಿಕೊಳ್ಳುತ್ತ ನನ್ನ ಬಾಯನ್ನೇ ನೋಡುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಆ ಲೋಟ ಬೋರಲಾಗಿ ಬಿದ್ದಿತ್ತು.

"ನೀವು ಹೇಳಿದ ಹಾಗೇ ಆಗಲಿ ಅಣ್ಣಾ," ಎಂದೆ. ನನ್ನ ದನಿಯಲ್ಲೇ.

ಹೊಸ ಮನೆಗೆ ಬಂದು ಮೂರು ತಿಂಗಳಾಯಿತು. ಹೆಂಡತಿ ಅಡುಗೆಮನೆಯಿಂದ ಮಲಗುವ ಕೋಣೆಗೆ ಯಾವುದನ್ನೂ ಹಿಡಿಯದೆ ನಡೆಯುತ್ತಾಳೆ. ಅದನ್ನು ನೋಡಿದರೆ ಸಂತೋಷವಾಗುತ್ತದೆ, ಷಡ್ಡಕರು ನೆನಪಾಗುವವರೆಗೆ. ಅವರ ಕಥೆ ಈಗ ಬೆಳೆದಿದೆ. ಬ್ರೋಕರ್ ಇಲ್ಲದೆ ಮಾರಿದ ಮನೆ ಒಂದಲ್ಲ, ಎರಡು.

ಮೊನ್ನೆ ಊಟಕ್ಕೆ ಬಂದಿದ್ದರು. ಕಥೆಯ ನಡುವೆ ಕೈ ಚಾಚಿ ನನ್ನ ಮುಂದಿನ ಲೋಟ ಎತ್ತಿಕೊಂಡು, ಬಾಯಿಗಿಟ್ಟು, ಮೈಕಿನಲ್ಲಿ ಗಾಡಿ ಲೇಟೆಂದು ಹೇಳುವ ನನ್ನ ದನಿ, ಅದರ ಹಿಂದೆಯೇ ಸಾಮಾನಿನ ಕೋಣೆಯಲ್ಲಿ ತಮ್ಮಂತೆ ಕೆಮ್ಮುವ ನನ್ನ ದನಿ, ಎರಡನ್ನೂ ಮಾಡಿ ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಂಡತಿಯ ಕೈ ಗಲ್ಲದ ಮೇಲಿತ್ತು.

ಸುಳ್ಳೇಕೆ ಹೇಳಲಿ, ಎಲ್ಲೂ ಒಂದು ಎಳೆಯೂ ತಪ್ಪಿರಲಿಲ್ಲ.