ಹೆರಿಗೆ ವಾರ್ಡಿನ ಅಲ್ಯುಮಿನಿಯಂ ಕೊಳವೆ

ನಾನು ಗೇಣುದ್ದದ ಒಂದು ಅಲ್ಯುಮಿನಿಯಂ ಕೊಳವೆ. ನನ್ನ ಒಂದು ತುದಿ ಕಹಳೆಯ ಬಾಯಿಯಂತೆ ಅಗಲ, ಇನ್ನೊಂದು ತುದಿ ಕಿವಿಗೆ ಒತ್ತಿಕೊಳ್ಳಲು ಚಪ್ಪಟೆ. ಬಸುರಿಯ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಹುಬ್ಬಳ್ಳಿಯ ಲೇತ್ ಅಂಗಡಿಯೊಂದರಲ್ಲಿ ನನ್ನನ್ನು ಕಡೆದವರು ದಸ್ತಗೀರ್ ಸಾಬರು. ಪಕ್ಕದ ಅಂಗಡಿಯವನ ಎದೆಗಿಟ್ಟು ಕೇಳಿ, "ಜೀವಂತ ಅದಾನ" ಎಂದು ನಕ್ಕು ಪೊಟ್ಟಣ ಕಟ್ಟಿದರು.

ಅಲ್ಲಿಂದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬಂದು, ಡಾ. ಶಶಿಪ್ರಭಾ ಕಾಖಂಡಕಿಯವರ ಬಿಳಿ ಕೋಟಿನ ಜೇಬು ಸೇರಿದೆ. ಅವರು ಹೆರಿಗೆ ವಿಭಾಗದ ಮುಖ್ಯಸ್ಥೆ. ಕೈ ಬಲು ಮೃದು, ಮಾತು ಮಾತ್ರ ಚಾಟಿ. ಅವರ ಚಪ್ಪಲಿ ಸದ್ದಿಗೇ ಎಳೆಯ ವೈದ್ಯರು ನೆಟ್ಟಗೆ ನಿಲ್ಲುತ್ತಿದ್ದರು.

ಆ ವರ್ಷ ಎಂ.ಡಿ. ಕಲಿಯಲು ನೀಲಗಂಗಾ ತಳವಾರ ಬಂದಳು. ಸಿಂದಗಿ ಕಡೆಯ ಹುಡುಗಿ, ಮಿತಭಾಷಿ. ಮೇಡಂ ನನ್ನನ್ನು ಅವಳ ಕೈಗಿತ್ತು, "ಕರೆಂಟ್ ಹೋದ್ರ ಮಷೀನ್ ಸುಮ್ಮನಾಗ್ತದ. ಮೊದಲ ಕಿವಿ ತಯಾರ ಮಾಡ್ಕೊ" ಎಂದರು. ಅವಳು ಬೇಗ ಕಲಿತಳು.

ಒಂದು ಬೆಳಿಗ್ಗೆ, ನೋವು ತಿನ್ನುತ್ತಿದ್ದ ಹೆಂಗಸಿನ ಹೊಟ್ಟೆಯ ಮೇಲೆ ನನ್ನನ್ನಿಟ್ಟಳು. ಕೂಸಿನ ಬಡಿತ ಕುಗ್ಗುತ್ತಿತ್ತು. ಅದು ಅವಳಿಗೂ ಕೇಳಿಸಿತು. ಮೇಡಂ ಅವರನ್ನು ಕರೆಯಲು ಫೋನ್ ಎತ್ತಿಕೊಂಡಳು, ಇಳಿಸಿದಳು. ಇನ್ನೊಮ್ಮೆ ಕೇಳಿ ನೋಡೋಣ ಎಂದುಕೊಂಡಳು, ಮತ್ತೊಮ್ಮೆ ಕೇಳಿದಳು. ಅಷ್ಟರಲ್ಲಿ ಮೇಡಂ ತಾವಾಗಿಯೇ ರೌಂಡ್ಸಿಗೆ ಬಂದರು. ನನಗೆ ಒಮ್ಮೆ ಕಿವಿಗೊಟ್ಟ ಕೂಡಲೇ ಅವರಿಗೆ ತಿಳಿಯಿತು. ತಡಮಾಡದೆ ಆಪರೇಷನ್ ಮಾಡಿದರು. ಕೂಸು ಅಳದೆ ಹುಟ್ಟಿತು. ಬಹಳ ಹೊತ್ತು ಉಸಿರು ಕೊಟ್ಟ ಮೇಲೆ ಬದುಕಿಕೊಂಡಿತು.

ಆರು ತಿಂಗಳಿಗೊಮ್ಮೆ ಅಧ್ಯಾಪಕರೆಲ್ಲ ಕೂತು ಒಬ್ಬೊಬ್ಬ ಕಿರಿಯರ ಕೆಲಸವನ್ನೂ ತೂಗಿ ನೋಡುತ್ತಿದ್ದರು. ತೇರ್ಗಡೆಯಾದವರಿಗೆ ಮುಂದೆ ಹೆರಿಗೆಯನ್ನು ತಾವೇ ನಿಭಾಯಿಸುವ ಅಧಿಕಾರ. ಜೊತೆಯವರೆಲ್ಲ ಮುಂದೆ ಹೋದರು. ನೀಲಗಂಗಾಳನ್ನು ಮಾತ್ರ ಆರು ತಿಂಗಳು ಹಿಂದೆ ನಿಲ್ಲಿಸಿದರು.

ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದರು. ನಾನು ಅವರ ಮೇಜಿನ ಮೇಲಿದ್ದೆ.

"ಬಡಿತ ಇಳಿದದ್ದು ನಿನಗ ಕೇಳಿಸಿತ್ತಲ್ಲ?"

"ಕೇಳಿಸಿತ್ರೀ ಮೇಡಂ."

"ಮತ್ಯಾಕ ಕರೀಲಿಲ್ಲ?"

ಅವಳು ತಲೆ ತಗ್ಗಿಸಿದಳು. "ತಪ್ಪು ಕೇಳಿಸಿದ್ರ ನೀವು ಎಲ್ಲಾರ ಮುಂದ ಬೈತೀರಿ ಅಂತ ಹೆದರಿದ್ನಿರೀ."

ಮೇಡಂ ನನ್ನನ್ನು ಎತ್ತಿಕೊಂಡು ಸುಮ್ಮನೆ ತಿರುಗಿಸುತ್ತಿದ್ದರು.

"ನಿನ್ನ ಕಿವಿಗೆ ನಾ ಪೂರ್ತಿ ಮಾರ್ಕ್ಸ್ ಕೊಟ್ಟೀನಿ" ಎಂದರು. "ಆದ್ರ ಕರೀಲಾರದವರನ್ನ ಹೆರಿಗಿ ಕೋಣ್ಯಾಗ ಒಬ್ಬರನ್ನ ಬಿಡೂದು ನನ್ನಿಂದ ಆಗೂದಿಲ್ಲ. ನಿನ್ನನ್ನ ಇಷ್ಟು ಹೆದರಿಸಿದ್ದು ನನ್ನ ತಪ್ಪು. ಈ ಆರು ತಿಂಗಳು ಇಬ್ಬರೂ ಕಲಿಯೋಣ."

ನೀಲಗಂಗಾ ಹೊರಗೆ ಬಂದು ಅತ್ತಳು. ಊರಿಗೆ ಹೋಗಿಬಿಡುತ್ತೇನೆಂದು ಹಾಸ್ಟೆಲಿನಲ್ಲಿ ಚೀಲವನ್ನೂ ತುಂಬಿದಳಂತೆ. ಮರುದಿನ ಮಾತ್ರ ವಾರ್ಡಿಗೆ ಬಂದಳು. ತನ್ನ ಓರಗೆಯವರ ಕೈಕೆಳಗೇ ದುಡಿಯುವುದು ಸಣ್ಣ ನೋವಲ್ಲ. ಅವರು ಅವಳ ಕಣ್ಣು ತಪ್ಪಿಸಿ ಮಾತಾಡುತ್ತಿದ್ದರು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಇನ್ನೊಬ್ಬ ಹೆಂಗಸಿನ ಕೂಸಿನ ಬಡಿತ ಹಾಗೆಯೇ ಇಳಿಯಿತು. ಮೇಡಂ ದೊಡ್ಡವರ ಸಭೆಯಲ್ಲಿದ್ದರು. ನೀಲಗಂಗಾ ಹೆಂಗಸನ್ನು ಎಡಮಗ್ಗುಲಿಗೆ ಮಲಗಿಸಿ, ಫೋನ್ ಮಾಡಿ, "ಮೇಡಂ, ಈಗಲೇ ಬರ್ರೀ" ಎಂದಳು. ಮೇಡಂ ಏದುಸಿರು ಬಿಡುತ್ತ ಬಂದು ನನಗೆ ಕಿವಿಗೊಟ್ಟರು. ಬಡಿತ ಕುದುರೆಯ ನಡಿಗೆಯಂತೆ ಸರಾಗವಾಗಿತ್ತು. ಮಗ್ಗುಲು ಬದಲಿಸಿದ್ದಕ್ಕೇ ಕೂಸು ಸುಧಾರಿಸಿಕೊಂಡಿತ್ತು.

ನೀಲಗಂಗಾಳ ಮುಖ ಬಿಳಿಚಿತು. "ಸುಮ್ಮನ ಓಡಿಸಿದ್ನಿರೀ ಮೇಡಂ..."

"ಓಡಿಸಿದಿ, ಛಲೋ ಮಾಡಿದಿ" ಎಂದು ಮೇಡಂ ಬೆವರು ಒರೆಸಿಕೊಂಡರು. "ಇನ್ನ ನಿನ್ನನ್ನ ಒಬ್ಬಾಕಿನ್ನ ಬಿಡಬಹುದು."

ಮುಂದಿನ ಸಭೆಯಲ್ಲಿ ಅವಳು ತೇರ್ಗಡೆಯಾದಳು. ಮೇಡಂ ನಿವೃತ್ತರಾಗುವಾಗ ನಾನು ಅವಳ ಜೇಬಿಗೆ ಹೋದೆ. ಈಗ ಅವಳೇ ಅಲ್ಲಿ ಅಧ್ಯಾಪಕಿ. ಅವಳನ್ನು ಕರೆಯಲು ಯಾವ ಕಿರಿಯರೂ ಹಿಂಜರಿಯುವುದಿಲ್ಲ.

ನನಗೆ ವಯಸ್ಸಾಯಿತು. ಅಂಚು ಸೊಟ್ಟಗಾಗಿದೆ, ನನ್ನ ಕೆಲಸವನ್ನು ಸಣ್ಣ ಸಣ್ಣ ಯಂತ್ರಗಳು ಮಾಡುತ್ತಿವೆ. ವಿಭಾಗದ ಗಾಜಿನ ಕಪಾಟಿನಲ್ಲಿ ಸುಮ್ಮನೆ ಮಲಗಿರುತ್ತೇನೆ. ಒಳಗಿನ ಎದೆಬಡಿತ ನನಗೀಗ ಕೇಳಿಸುವುದಿಲ್ಲ. ಆದರೆ ಗೋಡೆಯಾಚೆ ಹೆರಿಗೆ ಕೋಣೆ. ದಿನವೂ ಅಲ್ಲಿಂದ ಯಾವುದೋ ಕೂಸಿನ ಮೊದಲ ಅಳು ಬರುತ್ತದೆ. ಅದನ್ನು ಕೇಳಿಸಲು ನನ್ನಂಥ ಕೊಳವೆ ಬೇಕಿಲ್ಲ.