ಗೋಡೆಯೊಳಗಿನ ಜಾಲರಿ

ಶುಕ್ರವಾರ ಬೆಳಿಗ್ಗೆ ರೇಯ್ನೊ ಕಂಗಾಸ್ ಹೆಂಡತಿಯ ಮಂಚದ ಎದುರಿಗಿದ್ದ ಟಿವಿ ಹಾಕಿದ. ಪರದೆಯ ನಡುವೆ ಒಂದು ಉಂಗುರ ಮೂಡಿ ಗಿರಗಿರನೆ ಸುತ್ತತೊಡಗಿತು. ಅವನ ಕೈಯಲ್ಲಿದ್ದ ಕಾಫಿ ಆರಿಹೋದರೂ ಉಂಗುರ ನಿಲ್ಲಲಿಲ್ಲ.

"ಏನು ರೇಯ್ನೊ, ಮೊಮ್ಮಗಳ ಆಟ ತೋರಿಸ್ತೀನಿ ಅಂತ ಬುಗುರಿ ತೋರಿಸ್ತಾ ಇದ್ದೀಯಲ್ಲ" ಎಂದಳು ಲೆಂಪಿ, ದಿಂಬಿಗೆ ಒರಗಿದಲ್ಲಿಂದಲೇ.

ಲೆಂಪಿಗೆ ಸೊಂಟದ ಮೂಳೆ ಮುರಿದು ಐದು ವಾರವಾಗಿತ್ತು. ಹಿಂದಿನ ಕೋಣೆಯ ಮಂಚ ಬಿಟ್ಟು ಅವಳು ಏಳುವಂತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಡುಲುತ್ ಪಟ್ಟಣದಲ್ಲಿ ಮೊಮ್ಮಗಳು ಕೈಸಾಳ ಕರ್ಲಿಂಗ್ ತಂಡಕ್ಕೆ ಅಂತಿಮ ಪಂದ್ಯ. ಆ ಹುಡುಗಿಗೆ ಆರು ವರ್ಷವಿದ್ದಾಗ ಮಂಜುಗಡ್ಡೆಯ ಮೇಲೆ ಮಂಡಿಯೂರಿಸಿ ಕಲ್ಲು ಜಾರಿಸಲು ಕಲಿಸಿದವಳೇ ಲೆಂಪಿ. ಅಂದಿನಿಂದ ಹನ್ನೊಂದು ವರ್ಷ ಒಂದು ಆಟವನ್ನೂ ತಪ್ಪಿಸಿಕೊಂಡವಳಲ್ಲ. ಈ ಪಂದ್ಯ ಯಾವ ಚಾನೆಲ್ಲಿನಲ್ಲೂ ಬರುವುದಿಲ್ಲ, ಇಂಟರ್‌ನೆಟ್ಟಿನಲ್ಲಿ ಮಾತ್ರ. ಫೋನಿನ ಪರದೆಯಲ್ಲಿ ನೋಡೋಣವೆಂದರೆ ಪೊರೆ ಬಂದ ಅವಳ ಕಣ್ಣಿಗೆ ಕಲ್ಲೂ ಒಂದೇ, ಹುಡುಗಿಯೂ ಒಂದೇ.

ಮಗಳು ಮಾರ್ಲಿಸ್ ಟಿವಿಯ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿಯೊಂದನ್ನು ಕಳಿಸಿದ್ದಳು. ಅದಕ್ಕೆ ತಂತಿ ಸಿಕ್ಕಿಸಲು ತೂತೇ ಇಲ್ಲ. ಏನಿದ್ದರೂ ಗಾಳಿಯಲ್ಲೇ ಹಿಡಿಯಬೇಕು. ಮುಂದಿನ ಕೋಣೆಯಲ್ಲಿ, ವೈಫೈ ಡಬ್ಬಿಯ ಹತ್ತಿರ ಸಿಕ್ಕಿಸಿದರೆ ಚಿತ್ರ ನೀರು ಹರಿದ ಹಾಗೆ ಬರುತ್ತಿತ್ತು. ಹಿಂದಿನ ಕೋಣೆಗೆ ತಂದರೆ ಉಂಗುರ. ಡಬ್ಬಿಯನ್ನೇ ಹಿಂದಕ್ಕೆ ತರೋಣವೆಂದರೆ ಅದರ ತಂತಿ ಅಷ್ಟು ಉದ್ದವಿರಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ.

ರೇಯ್ನೊಗೆ ಎಂಬತ್ತೆರಡು. ಆರನೇ ತರಗತಿಗೆ ಶಾಲೆ ಬಿಟ್ಟು, ಕರಣೆ ಹಿಡಿದು, ಐವತ್ತು ವರ್ಷ ಗಾರೆ ಕೆಲಸ ಮಾಡಿದವನು. ಕೆಟ್ಟ ವಸ್ತುವಿನ ಮೇಲೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ಯಾಕೆ ಕೆಟ್ಟಿತೆಂದು ತಿಳಿಯುವ ತನಕ ಊಟವೂ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಲುಡ್ವಿಕ್‌ನನ್ನು ಕರೆದ. ಅವನು ಟೆಲಿಫೋನ್ ಕಂಬ ಹತ್ತಿಯೇ ಮುದುಕನಾದವನು.

"ಇನ್ನೊಂದು ಡಬ್ಬಿ ತಂದು ನಡುವೆ ಇಟ್ಟರೆ ಆಯ್ತು" ಎಂದ ಲುಡ್ವಿಕ್. "ಆದ್ರೆ ಅದು ಬರೋದು ಸೋಮವಾರಕ್ಕೆ."

"ಪಂದ್ಯ ನಾಳೆ ಕಣೋ."

"ಹಾಗಾದ್ರೆ ಇರೋದ್ರಲ್ಲೇ ದಾರಿ ಹುಡುಕ್ಬೇಕು. ನಿಮ್ಮ ಫಿನ್‌ಲೆಂಡಿನವರ ತಲೆಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಕೂತ್ಕೋ."

"ನಿಂತೇ ಕೇಳ್ತೀನಿ. ನೀನು ಶುರು ಮಾಡಿದ್ರೆ ಕೂತವರಿಗೆ ನಿದ್ದೆ ಬರತ್ತೆ."

ಒಳಗಿನಿಂದ ಲೆಂಪಿ ನಕ್ಕಿದ್ದು ಕೇಳಿಸಿತು.

"ಈ ಡಬ್ಬಿ ಮಾಡೋದು ರೇಡಿಯೋ ಕೆಲಸಾನೇ" ಎಂದ ಲುಡ್ವಿಕ್. "ಅಲೆ ಎಬ್ಬಿಸತ್ತೆ. ಆದ್ರೆ ರೇಡಿಯೋ ಥರ ಬರೀ ಒದರೋದಲ್ಲ, ಮಾತುಕತೆ. ಚಿತ್ರಾನ ಚೂರುಚೂರು ಮಾಡಿ, ಚೂರಿಗೊಂದು ನಂಬರ್ ಹಾಕಿ ಎಸೆಯತ್ತೆ. ಕಡ್ಡಿ ಹಿಡ್ಕೊಂಡು 'ಬಂತು' ಅನ್ನತ್ತೆ. ಬರದೇ ಹೋದ್ರೆ ಮತ್ತೆ ಕಳಿಸ್ಬೇಕು. ಕಳೆದುಹೋಗೋದೇ ಜಾಸ್ತಿ ಆದಾಗ ನಿನ್ನ ಉಂಗುರ ಸುತ್ತತ್ತೆ."

ರೇಯ್ನೊ ಯೋಚಿಸಿದ. ಕೆಳಗಿನವನು ಇಟ್ಟಿಗೆ ಎಸೆಯುತ್ತಾನೆ, ಅಟ್ಟಣಿಗೆಯ ಮೇಲಿನವನು ಹಿಡಿಯುತ್ತಾನೆ. ಹಿಡಿಯುವವನ ಕೈಗೆ ಸಿಗದಿದ್ದರೆ ಗೋಡೆ ಏಳುವುದಿಲ್ಲ. "ಸರಿ. ನಡುವೆ ಇಟ್ಟಿಗೆ ತಡೆಯೋನು ಯಾರು?"

"ಗೋಡೆ ಒಳಗೆ ಏನಿದೆ?"

"ಜಾಲರಿ" ಎಂದ ರೇಯ್ನೊ. ಅವನ ಎದೆ ಸ್ವಲ್ಪ ಉಬ್ಬಿತು. "ಕಬ್ಬಿಣದ ತಂತಿಜಾಲರಿ, ಎರಡೂ ಮೈಗೆ. ಅದರ ಮೇಲೆ ಗಾರೆ. ಇಪ್ಪತ್ತೊಂದನೇ ವಯಸ್ಸಲ್ಲಿ ನಾನೇ ಬಳಿದದ್ದು."

ಲುಡ್ವಿಕ್ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೈಕ್ರೋವೇವಿನ ಬಾಗಿಲು ತೋರಿಸಿದ. ಗಾಜಿನೊಳಗೆ ಸಣ್ಣ ಸಣ್ಣ ತೂತಿನ ತಗಡು.

"ಒಳಗಿನ ಬೆಳಕು ಈ ತೂತಲ್ಲಿ ಹೊರಗೆ ಬರತ್ತೆ, ನಿನ್ನ ರೊಟ್ಟಿ ಬಿಸಿ ಮಾಡೋ ಅಲೆ ಬರಲ್ಲ. ಯಾಕೆ? ಬೆಳಕಿನ ಅಲೆ ತೂತಿಗಿಂತ ಸಣ್ಣದು. ಇದು ಐದು ಇಂಚು ಉದ್ದ, ತೂರಲ್ಲ. ವೈಫೈ ಅಲೆಯೂ ಇದೇ ಜಾತಿದು. ನೀನು ಹೆಂಡತಿ ಕೋಣೆಗೆ ಮೈಕ್ರೋವೇವ್ ಬಾಗಿಲು ಹಾಕಿ ಮೇಲೆ ಗಾರೆ ಮೆತ್ತಿದ್ದೀಯ. ಮಾಡಿದ್ದುಣ್ಣೋ ಮಹಾರಾಯ!"

ರೇಯ್ನೊ ಆ ಬಾಗಿಲನ್ನು ತೆಗೆದ, ಹಾಕಿದ, ಕಣ್ಣು ಹತ್ತಿರ ತಂದು ನೋಡಿದ. ಬೇಸರಕ್ಕಿಂತ ಬೆರಗೇ ಹೆಚ್ಚಾಗಿತ್ತು. ಇಲಿ ನುಗ್ಗಬಾರದೆಂದು, ಬಿರುಕು ಬಿಡಬಾರದೆಂದು ಹೊಡೆದ ಜಾಲರಿ ಕಣ್ಣಿಗೆ ಕಾಣದ್ದನ್ನೂ ತಡೆಯುತ್ತದೆಂದು ಅಂದು ಯಾರಿಗೆ ಗೊತ್ತಿತ್ತು?

ಫೋನಿನ ತಲೆಯ ಮೇಲೆ ವೈಫೈ ಸಿಗ್ನಲ್ಲಿನ ಗೀಟುಗಳಿರುತ್ತವಲ್ಲ, ಅವನ್ನು ನೋಡುತ್ತಾ ಅವನು ಹಿಂದಿನ ಕೋಣೆಯ ಗೋಡೆಯುದ್ದಕ್ಕೂ ನಡೆದ. ಅಡಿಗೊಂದು ಕಡೆ ನಿಂತು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದ. ಒಂದು. ಒಂದು. ಸೊನ್ನೆ. ಒಂದು. ಲೆಂಪಿ ಮಲಗಿದಲ್ಲಿಂದಲೇ ನೋಡುತ್ತಿದ್ದಳು. "ಗೋಡೆಗೆ ಜ್ವರ ನೋಡ್ತಾ ಇದ್ದೀಯಾ?"

ಮೂಲೆಯಲ್ಲಿ ಬಟ್ಟೆಯ ಬೀರು ಇತ್ತು. ಅದರ ಹಿಂದಿನ ಸಂದಿಗೆ ಕೈ ತೂರಿಸಿ ಫೋನ್ ಹಿಡಿದ. ಹೊರಗೆ ತೆಗೆದು ನೋಡಿದಾಗ ನಾಲ್ಕು ಗೀಟು ಇದ್ದವು, ನೋಡುತ್ತಿದ್ದಂತೆ ಇಳಿದವು.

ಮತ್ತೆ ತೂರಿಸಿದ. ಮತ್ತೆ ನಾಲ್ಕು.

"ಅಲ್ಲೇನು ವಿಶೇಷ?" ಲುಡ್ವಿಕ್ ಕೇಳಿದ.

ರೇಯ್ನೊ ಬೀರಿನ ಹಿಂದಿನ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಅವನಿಗೆ ಗೊತ್ತಾಗಿತ್ತು. ಅರವತ್ತೊಂದು ವರ್ಷದ ಹಿಂದೆ ಈ ಮನೆ ಲೆಂಪಿಯ ಅಪ್ಪನದು. ಗಣಿಯಲ್ಲಿ ದುಡಿದು ಕಟ್ಟಿಸಿದ ಮನೆ. ಗಾರೆಗೆ ಬಂದ ಹುಡುಗನ ಕಣ್ಣು ಮಗಳ ಮೇಲಿತ್ತು, ಮಗಳಿಗೂ ಅದು ಗೊತ್ತಿತ್ತು. ಅಳತೆಯಲ್ಲಿ ತಪ್ಪುವವನಲ್ಲ ಎಂದು ಜಂಬ ಕೊಚ್ಚಿದ ಹುಡುಗ ಅಳತೆಯಲ್ಲೇ ತಪ್ಪಿದ. ಕೊನೆಯ ಮೂರಡಿಗೆ ಜಾಲರಿ ಸಾಲಲಿಲ್ಲ. ಹೋಗಿ ಹೇಳಲು ನಾಚಿಕೆ. ಹಿತ್ತಲಲ್ಲಿ ಬಿದ್ದಿದ್ದ ಮರದ ರೀಪು ಹೊಡೆದು ಎರಡೂ ಕಡೆ ಗಾರೆ ಮೆತ್ತಿ ನುಣುಪು ಮಾಡಿಬಿಟ್ಟ. ಮಾವ ಸಾಯುವ ತನಕ ಬಂದವರಿಗೆಲ್ಲ ಆ ಗೋಡೆ ತಟ್ಟಿ ತೋರಿಸುತ್ತಿದ್ದ: "ನನ್ನ ಅಳಿಯನ ಕೆಲಸ. ಚರ್ಚು ಬಿದ್ದರೂ ಇದು ಬೀಳಲ್ಲ."

ಸುಮ್ಮನಿದ್ದು ಟಿವಿಯನ್ನು ಮೂಲೆಗೆ ಸರಿಸಿದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಲೆಂಪಿ ಕುತ್ತಿಗೆ ಎತ್ತಿ ನೋಡುತ್ತಿದ್ದಳು.

"ಲೆಂಪಿ, ಅಲ್ಲಿ ಜಾಲರಿ ಇಲ್ಲ" ಎಂದ. "ಸಾಲಲಿಲ್ಲ. ಮರ ಹೊಡೆದೆ. ನಿಮ್ಮಪ್ಪಂಗೆ ಹೇಳ್ಲಿಲ್ಲ."

ಅವಳು ಗೋಡೆಯನ್ನು ನೋಡಿದಳು, ಅವನನ್ನು ನೋಡಿದಳು.

"ಅದಕ್ಕೇನಾ ಪ್ರತಿ ಬೇಸಿಗೆ ಬೀರು ಸರಿಸಿ ಅಲ್ಲೊಂದು ಕಡೆ ಬಣ್ಣ ಬಳೀತಿದ್ದದ್ದು?"

"ಬಿರುಕು ಬಿಡ್ತಿತ್ತು."

"ನಂಗೆ ಮದುವೆಗೆ ಮುಂಚೆ ಹೇಳ್ಬೋದಿತ್ತು."

"ಹೇಳಿದ್ರೆ ಮಾಡ್ಕೊಳ್ತಿದ್ಯಾ?"

"ಮಾಡ್ಕೊಳ್ತಿದ್ದೆ. ಅಪ್ಪನ ಮುಂದೆ ನಿನ್ನ ಜಂಬ ಸ್ವಲ್ಪ ಇಳಿಸ್ತಿದ್ದೆ, ಅಷ್ಟೇ." ಆಮೇಲೆ ಅವಳ ದನಿ ಗಟ್ಟಿಯಾಯಿತು. "ಅಪ್ಪ ನಂಬಿದ್ದ, ರೇಯ್ನೊ. ಅದೊಂದು ಸರಿಯಿಲ್ಲ."

"ಸರಿಯಿಲ್ಲ" ಎಂದು ಅವನೂ ಒಪ್ಪಿದ.

ಇಬ್ಬರು ಮುದುಕರು ಸೇರಿ ಬೀರು ಸರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೀರಿನ ಕನ್ನಡಿಯನ್ನೂ ದೂರ ಇಡಿಸಿದ ಲುಡ್ವಿಕ್, ಅದರ ಬೆನ್ನಿನ ಬೆಳ್ಳಿ ಲೇಪವೂ ಅಲೆಯನ್ನು ತಿರುಗಿಸುತ್ತದಂತೆ. ಮುಂದಿನ ಕೋಣೆಯಲ್ಲಿ ಡಬ್ಬಿಯನ್ನು ಆ ಮೂರಡಿಗೆ ಎದುರಾಗಿ ತಂದಿಟ್ಟರು. ಈಚೆ ಟಿವಿಯನ್ನು ನೇರಕ್ಕೆ ನಿಲ್ಲಿಸಿ ಮಂಚವನ್ನು ಅತ್ತ ತಿರುಗಿಸಿದರು. ಉಂಗುರ ಎರಡು ಸುತ್ತು ಸುತ್ತಿ ಮಾಯವಾಯಿತು.

ಶನಿವಾರ ಪಂದ್ಯ ಕೊನೆಯ ಕಲ್ಲಿಗೆ ಬಂದು ನಿಂತಿತ್ತು. ಮಂಜಿನ ಮೇಲೆ ಬರೆದ ವೃತ್ತದ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಗೆಲುವು ಆ ಒಂದು ಕಲ್ಲಿನಲ್ಲಿತ್ತು, ಕಲ್ಲು ಕೈಸಾಳ ಕೈಯಲ್ಲಿತ್ತು. ಅವಳು ಮಂಡಿಯೂರಿದಳು, ಜಾರಿದಳು, ಬಿಟ್ಟಳು. ಅದೇ ಹೊತ್ತಿಗೆ ಮಂಚದ ಪಕ್ಕದ ಫೋನ್ ರಿಂಗಾಯಿತು. ಪಂದ್ಯ ನೋಡಲು ಹೋಗಿದ್ದ ಮಾರ್ಲಿಸ್‌ಳದು.

"ಈಗ್ಯಾಕೆ ಮಾಡ್ತಾಳೆ ಇವಳು?" ಎಂದ ರೇಯ್ನೊ. "ಕಲ್ಲು ಇನ್ನೂ ಅರ್ಧ ದಾರಿಲಿದೆ."

"ಅಲ್ಲಿ ಮುಗಿದಿದೆ" ಎಂದ ಲುಡ್ವಿಕ್. "ಚಿತ್ರದ ಚೂರು ಊರೆಲ್ಲ ಸುತ್ತಿ ಬರ್ಬೇಕು. ಕಡ್ಡಿನೂ ಒಂದಿಷ್ಟು ಕೂಡಿಟ್ಕೊಂಡೇ ತೋರಿಸೋದು, ಉಂಗುರ ಬರಬಾರ್ದು ಅಂತ. ಅರ್ಧ ನಿಮಿಷ ಹಿಂದಿದ್ದೀವಿ ನಾವು."

ಫೋನ್ ರಿಂಗಾಗುತ್ತಲೇ ಇತ್ತು. ರೇಯ್ನೊ ಕೈ ಚಾಚಿದ.

"ಎತ್ತಬೇಡ" ಎಂದಳು ಲೆಂಪಿ, ಪರದೆಯಿಂದ ಕಣ್ಣು ತೆಗೆಯದೆ. "ಇಲ್ಲಿ ಇನ್ನೂ ಮುಗಿದಿಲ್ಲ."

ಪೊರಕೆ ಹಿಡಿದ ಇಬ್ಬರು ಹುಡುಗಿಯರು, ಕಲ್ಲು ಇನ್ನಷ್ಟು ದೂರ ಜಾರಲೆಂದು, ಅದರ ಮುಂದೆ ಮಂಜನ್ನು ಉಜ್ಜುತ್ತಾ ಓಡಿದರು. ಹೊದಿಕೆಯ ಮೇಲೆ ಲೆಂಪಿಯ ಎರಡು ಕೈಗಳೂ ಉಜ್ಜುತ್ತಿದ್ದವು. ಕಲ್ಲು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಎದುರಾಳಿಯ ಕಲ್ಲಿಗಿಂತ ಒಂದು ಗೇಣು ಹಿಂದೆ ನಿಂತುಬಿಟ್ಟಿತು.

ರಿಂಗ್ ನಿಂತು ಮತ್ತೆ ಶುರುವಾಗಿದ್ದ ಫೋನನ್ನು ಲೆಂಪಿಯೇ ಎತ್ತಿಕೊಂಡಳು.

"ಏನೂ ಹೇಳ್ಬೇಡ ಮಾರ್ಲಿಸ್, ನಾನೇ ನೋಡಿದೆ. ಬಿಡೋವಾಗ ಕೈ ಹಿಂದಕ್ಕೆ ಎಳ್ಕೊಂಡ್ಳು. ಅಳ್ತಾ ಇದ್ದಾಳಾ? ಅಳ್ಲಿ ಬಿಡು. ಅತ್ತು ಮುಗಿಸಿದ ಮೇಲೆ ಫೋನ್ ಕೊಡು, ನಾನು ಕಾಯ್ತೀನಿ."