ಹಾಲವ್ವನ ಬ್ಯಾನಿ

ಹಸಿರು ಬಳೆ ಏರಿಸಲೆಂದು ಹಾಲವ್ವನ ಕೈ ಹಿಡಿದ ಗಂಗುಬಾಯಿಗೆ ಮೊಣಕೈ ಒಳಮಗ್ಗುಲಲ್ಲಿ ನೀಲಿಗಟ್ಟಿದ ಸೂಜಿಗುರುತು ಕಂಡಿತು. ಹಾಲವ್ವ ಆಕೆಯ ಅಣ್ಣ ಖಂಡಪ್ಪನ ಹೆಂಡತಿ. ನಸುಕಿನಲ್ಲಿ ಚಹಾಕ್ಕಿಡುವಾಗ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ.

"ವೈನಿಗೆ ಯಾವ ಬ್ಯಾನಿ ಇತ್ತೋ. ಪರೇಲ್ ದವಾಖಾನಿಗೆ ಯಾಕ ಹೋಗ್ತಿ ಅಂದ್ರ ಹೇಳತಿದ್ದಿಲ್ಲ. ಗುರುಬಸವ, ನೀನರ ಜೋಡಿ ಹೋಗತಿದ್ದಿ. ಇಂಥಾ ಮಗ ಯಾರಿಗೆ ಸಿಗತಾನ?" ಎಂದಳು ಗಂಗುಬಾಯಿ.

ಮುಂಬಯಿ ವಿಕ್ರೋಳಿಯ ಆ ಚಾಳಿನ ಖೋಲಿಯಲ್ಲಿ ಕೂತವರೆಲ್ಲ ಗುರುಬಸವನನ್ನು ಮೆಚ್ಚಿ ನೋಡಿದರು. ಅವನಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

"ಹೆಂಗಸರ ಬ್ಯಾನಿ, ನಿಮಗ್ಯಾಕ ಅಂದ್ಲು. ಸುಮ್ಮನಾದೆ," ಎಂದ ಖಂಡಪ್ಪ. "ನಾ ಅಷ್ಟು ಹೊರಗಿನವ ಆಗಿದ್ನೇನು, ಗಂಗೂ?"

*

ಕಾಲೇಜು ಮುಗಿಸಿದ ವರ್ಷ ಗುರುಬಸವ ಹೇಳಿದ್ದ: "ಅವ್ವಾ, ನನಗ ಹುಡುಗ್ಯಾರು ನಕೋ. ನನಗ... ಹುಡುಗರು ಪಸಂದ್."

ರೊಟ್ಟಿ ತಟ್ಟುತ್ತಿದ್ದ ಹಾಲವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು: "ರಕ್ತ ತೋರಿಸ್ಕೊಂಡಿಯೇನು?"

"ಇದು ಬ್ಯಾನಿ ಅಲ್ಲವ್ವ."

"ಬ್ಯಾನಿ ಅಂದ್ನೇನು ನಾ? ಏಡ್ಸ್ ಟೆಸ್ಟ್ ಮಾಡತಾರಂತಲ್ಲ. ಮಾಡಿಸ್ಕೊ. ಅಂಜಿಕಿ ಆದ್ರ ನಾನೂ ಬರತೀನಿ."

ಪರೇಲಿನಲ್ಲಿ ಸರದಿ ಬಂದಾಗ ಅವನು ಬಾಗಿಲಿಗೇ ನಿಂತುಬಿಟ್ಟ. ಹಾಲವ್ವ ಮುಂದೆ ಹೋಗಿ ಸೆರಗು ಸರಿಸಿ ಕೈ ಚಾಚಿದಳು. "ಪೈಲೇ ಮೇರಾ ನಿಕಾಲೋ," ಎಂದು ಮೊದಲು ತನ್ನ ರಕ್ತ ತೆಗೆಸಿದಳು. ಆಮೇಲೆ ಹೋದಾಗಲೆಲ್ಲ ಹಾಗೆಯೇ. ಹೊರಗೆ ಬೆಂಚಿನ ಮೇಲೆ, ಹತ್ತಿ ಇಟ್ಟ ಅವನ ಮೊಣಕೈ ಮಡಿಸಿ ತಾನೇ ಒತ್ತಿ ಹಿಡಿಯುತ್ತಿದ್ದಳು. "ಬಿಚ್ಚಬ್ಯಾಡ. ಇನ್ನೊಂದೀಟು." ಆ ವಿಷಯದಲ್ಲಿ ತಾಯಿ-ಮಗ ಆಡಿದ ಮಾತು ಅಷ್ಟೇ. ರಿಪೋರ್ಟ್ ನೋಡಿ ಚಹಾ ಕುಡಿದು ಲೋಕಲ್ ಹತ್ತುತ್ತಿದ್ದರು.

*

ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ತಂದೆ-ಮಗ ಚಾಳಿನ ಮೆಟ್ಟಿಲ ಮೇಲೆ ಕೂತರು.

"ಒಂದು ಮಾತು ಹೇಳಿದ್ರ ಮುಂಬಯಿಯ ಎಲ್ಲಾ ದವಾಖಾನಿ ತಿರುಗಿಸಿ ತೋರಸ್ತಿದ್ನಲ್ಲೋ," ಎಂದು ಖಂಡಪ್ಪ ಅತ್ತ.

ಸುಮ್ಮನಿದ್ದರೆ ಗುರುಬಸವ ಒಳ್ಳೆಯ ಮಗನಾಗಿಯೇ ಉಳಿಯುತ್ತಿದ್ದ. ಆದರೆ ಅಪ್ಪನ ಅಳು ನೋಡಲಾಗಲಿಲ್ಲ. ತಾನು ಎಂಥವನು, ಅದು ಯಾವ ತಪಾಸಣೆ, ಅವ್ವ ಯಾರ ಸಲುವಾಗಿ ಕೈ ಚಾಚುತ್ತಿದ್ದಳು, ಎಲ್ಲ ಹೇಳಿಬಿಟ್ಟ.

ಖಂಡಪ್ಪ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡ.

"ಹಂಗಾರ ಆಕಿಗೆ ಆ ಬ್ಯಾನಿ ಏನೂ ಇದ್ದಿಲ್ಲ?"

"ಇದ್ದಿಲ್ಲಪ್ಪಾ."

ಖಂಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಗುರುಬಸವ ಇನ್ನೊಂದು ಪ್ರಶ್ನೆಗಾಗಿ ಕಾದ. ‘ನಿನಗ?’ ಎಂದಿದ್ದರೆ ಸಾಕಿತ್ತು. ಖಂಡಪ್ಪ ಎದ್ದು, ಮಗನ ಮೈ ತಾಕದಂತೆ ಗೋಡೆಗೆ ಸರಿದು, ಮೆಟ್ಟಿಲು ಹತ್ತಿ ಒಳಗೆ ಹೋದ.

ಹೋದ ವಾರದ ಸೂಜಿಗುರುತು ಗುರುಬಸವನ ಕೈಯಲ್ಲೂ ಇತ್ತು. ಅವನು ಮೊಣಕೈ ಮಡಿಸಿ ಇನ್ನೊಂದು ಕೈಯಿಂದ ತಾನೇ ಒತ್ತಿ ಹಿಡಿದುಕೊಂಡ. ಬಹಳ ಹೊತ್ತು ಬಿಚ್ಚಲಿಲ್ಲ.